ಸ್ತ್ರೀವೈದ್ಯ ವಾಙ್ಮಯದಲ್ಲಿ ಮಾತು ಮತ್ತು ಮೌನ

೧

ರೋಗನಿದಾನವು ವೈದ್ಯನ ಕೈ ನಾಡಿಯನ್ನು ಹಿಡಿಯುವುದಕ್ಕೆ ಮೊದಲೇ ಆರಂಭವಾಗುತ್ತದೆ. ರೋಗಿಯು ತನ್ನ ಬಾಧೆಯನ್ನು ಹೇಳಿಕೊಳ್ಳುವ ಮಾತೇ ಅದರ ಮೊದಲನೆಯ ಸಾಧನ. ಆ ಮಾತು ಸ್ಪಷ್ಟವಾಗಿದ್ದರೆ ಪರೀಕ್ಷೆಯು ಸರಿಯಾದ ದಾರಿಯನ್ನು ಹಿಡಿಯುತ್ತದೆ. ಅಸ್ಪಷ್ಟವಾಗಿದ್ದರೆ ಸಮರ್ಥನಾದ ವೈದ್ಯನೂ ಊಹೆಯನ್ನು ಆಶ್ರಯಿಸಬೇಕಾಗುತ್ತದೆ. ಮಾತೇ ಹೊರಡದಿದ್ದರೆ ರೋಗವು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಈ ಮಾತನ್ನು ಹೆಣ್ಣುಮಗಳು ಪಡೆಯುವುದು ಮನೆಯ ನುಡಿಯಿಂದ, ಹಾಡಿನಿಂದ, ಕಥೆಯಿಂದ, ಪಾಠದಿಂದ, ಪುಸ್ತಕದಿಂದ. ಆದಕಾರಣ ಸ್ತ್ರೀಯರ ಗರ್ಭಾಶಯಸಂಬಂಧವಾದ ಬೇನೆಗಳ ನಿದಾನವೂ ಚಿಕಿತ್ಸೆಯೂ ಕೇವಲ ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವೆಂದು ಸಾಹಿತ್ಯವಿಮರ್ಶೆಯು ಸುಮ್ಮನಿರುವಂತಿಲ್ಲ. ಕನ್ನಡ ವಾಙ್ಮಯವು ಈ ಬೇನೆಗಳನ್ನು ಹೇಳಿಕೊಳ್ಳುವುದಕ್ಕೆ ತಕ್ಕ ಮಾತನ್ನು ಕನ್ನಡದ ಹೆಣ್ಣಿಗೆ ಒದಗಿಸಿದೆಯೆ ಎಂಬುದು ವಿಮರ್ಶೆಯು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ತುಮಕೂರು ಜಿಲ್ಲೆಯ ಉತ್ತರಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ತಕ್ಕ ಒರೆಗಲ್ಲು. ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಎಂದರೆ ಇಲ್ಲಿನ ಬಾಲಿಕೆಯರ ಪಾಠಕ್ರಮಕ್ಕೂ ಉಪಾಧ್ಯಾಯವರ್ಗಕ್ಕೂ ಒಂದೇ ಆಡಳಿತ. ನುಡಿಯಾದರೋ ಒಂದಲ್ಲ. ಪಾವಗಡದ ಬಹುಭಾಗವನ್ನು ಆಂಧ್ರದೇಶದ ನೆಲವು ಸುತ್ತುವರಿದಿದೆ. ಅಲ್ಲಿ ಅನೇಕ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಶಿರಾ ಪಟ್ಟಣದಲ್ಲಿ ಉರ್ದುವಿನ ಬಳಕೆಯೂ ಉಂಟು. ಊರುಗಳಿಂದ ತುಸು ದೂರದಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ. ಅವುಗಳ ಆಚಾರವೂ ನುಡಿಗಟ್ಟೂ ಬೇರೆ. ಮಳೆ ಕಡಮೆಯಾದ ಸೀಮೆ; ಹೆಂಗಸರ ದಿನಚರಿಯೆಂದರೆ ಹೊಲದ ಕೂಲಿ, ನೀರಿನ ಹೊರೆ. ಸಾಹಿತ್ಯದ ಮಾತು ಆಸ್ಪತ್ರೆಯ ಬಾಗಿಲವರೆಗೆ ಬರಬಲ್ಲುದೆ ಎಂಬುದನ್ನು ಅಳೆಯುವುದಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷಾಸ್ಥಳವು ಬೇಕಿಲ್ಲ.

೨

ಮೊದಲು ಕಾವ್ಯಪರಂಪರೆಯನ್ನು ನೋಡಬೇಕು. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ಲಾಕ್ಷಣಿಕರು ವಿಧಿಸಿದರು. ಅವುಗಳಲ್ಲಿ ಒಂದು ಕುಮಾರೋದಯ. ಹೆಸರಿನಲ್ಲಿಯೇ ದೃಷ್ಟಿಯ ದಿಕ್ಕು ತಿಳಿಯುತ್ತದೆ. ಉದಯಿಸುವವನು ಕುಮಾರ, ಹೆರುವವಳು ಸೂರ್ಯನು ಮೂಡುವ ಬೆಟ್ಟದಂತೆ ಹಿಂದೆ ನಿಲ್ಲತಕ್ಕವಳು. ಗರ್ಭಿಣಿಯ ದೇಹವನ್ನು ಕವಿಗಳು ಗಮನಿಸಲಿಲ್ಲವೆಂದಲ್ಲ. ಬಯಕೆಗಳು, ತ್ರಿವಳಿಗಳು ಅಳಿಯುವುದು, ನಡೆ ಮಂದವಾಗುವುದು, ಮುಖವು ಬಿಳುಪೇರುವುದು, ಇವೆಲ್ಲವೂ ಬಹು ಸೂಕ್ಷ್ಮವಾಗಿ ವರ್ಣಿತವಾಗಿವೆ. ಆದರೆ ಆ ಸೂಕ್ಷ್ಮತೆಯ ಗುರಿ ಬೇರೆ. ಮುಖದ ಬಿಳುಪು ಕವಿಗೆ ಅಲಂಕಾರದ ವಸ್ತು, ಚಂದ್ರನೊಡನೆ ಹೋಲಿಸಬಹುದಾದ ಶೋಭೆ. ವೈದ್ಯನಿಗೆ ಅದು ರಕ್ತಹೀನತೆಯ ಸೂಚನೆ. ಶತಮಾನಗಳ ಕಾಲ ಚೆಲುವೆಂದು ಹೊಗಳಿಸಿಕೊಂಡ ಚಿಹ್ನೆಯನ್ನು ರೋಗವೆಂದು ಗುರುತಿಸುವುದಕ್ಕೆ ಓದುಗನ ಕಣ್ಣು ಪಳಗಿರಲಿಲ್ಲ.

ಶಾಸ್ತ್ರಗ್ರಂಥಗಳ ಸ್ಥಿತಿ ಇದಕ್ಕಿಂತ ಉತ್ತಮವಾಗಿತ್ತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿಯೂ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿಯೂ ಯೋನಿವ್ಯಾಪತ್ತುಗಳು ಇಪ್ಪತ್ತೆಂದು ಎಣಿಸಲ್ಪಟ್ಟಿವೆ. ಇಂದಿನ ವೈದ್ಯವು ಆ ವಿಂಗಡಣೆಯನ್ನು ಒಪ್ಪಬೇಕಾಗಿಲ್ಲ; ಆದರೆ ಇಪ್ಪತ್ತು ಎಂಬ ಎಣಿಕೆಯ ಹಿಂದೆ ಒಂದು ತತ್ತ್ವವುಂಟು. ಹೆಣ್ಣಿನ ಬೇನೆ ಒಂದಲ್ಲ, ಹಲವು. ಒಂದೊಂದಕ್ಕೂ ಹೆಸರು ಬೇರೆ, ಕಾರಣ ಬೇರೆ, ಉಪಚಾರ ಬೇರೆ ಎಂಬುದೇ ಆ ತತ್ತ್ವ. ಕನ್ನಡದಲ್ಲಿ ವೈದ್ಯವಾಙ್ಮಯವು ಮೊದಲೇ ಹುಟ್ಟಿತು. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ, ಕೀರ್ತಿವರ್ಮನ ಗೋವೈದ್ಯ ಇವು ವಿದ್ವಾಂಸರಿಗೆ ಪರಿಚಿತವಾದುವೇ. ವಿಷಕ್ಕೂ ಗೋವಿಗೂ ಪ್ರತ್ಯೇಕವಾದ ಗ್ರಂಥಗಳು ಹೆಸರಾದುವು. ಸ್ತ್ರೀರೋಗಕ್ಕೇ ಮೀಸಲಾಗಿ ಅಷ್ಟು ಹೆಸರಾದ ಹಳಗನ್ನಡ ಗ್ರಂಥವಿಲ್ಲ. ಸಂಸ್ಕೃತದ ಇಪ್ಪತ್ತು ಹೆಸರುಗಳು ಪಂಡಿತನ ಓಲೆಯಲ್ಲಿಯೇ ಉಳಿದು, ಅಡುಗೆಮನೆಯ ಕನ್ನಡಕ್ಕೆ ಇಳಿಯಲಿಲ್ಲ.

ಇನ್ನೊಂದು ದಿಕ್ಕಿನಿಂದ ಹನ್ನೆರಡನೆಯ ಶತಮಾನದ ಶರಣರ ಆಂದೋಲನವು ಈ ಮೌನವನ್ನು ತಟ್ಟಿತು. ಜನನ, ರಜಸ್ಸು, ಎಂಜಲು, ಜಾತಿ, ಮರಣ ಎಂಬ ಪಂಚಸೂತಕಗಳನ್ನು ವೀರಶೈವಧರ್ಮವು ತಳ್ಳಿಹಾಕಿತು. ರಜಸ್ಸನ್ನು ಸೂತಕದಿಂದ ಬಿಡಿಸಿದ ಈ ಧೈರ್ಯವು ದೊಡ್ಡದು. ಆದರೆ ಅದು ಶೌಚಾಶೌಚದ ಪ್ರಶ್ನೆಯಾಗಿ ಬಂದಿತೇ ಹೊರತು ಆರೋಗ್ಯದ ಪ್ರಶ್ನೆಯಾಗಿ ಬರಲಿಲ್ಲ. ಮುಟ್ಟು ಮೈಲಿಗೆಯಲ್ಲವೆಂದು ಹೇಳುವುದು ಒಂದು. ಯಾವ ಮುಟ್ಟು ಸಹಜ, ಯಾವುದು ರೋಗ ಎಂದು ಹೇಳುವುದು ಇನ್ನೊಂದು. ಎರಡನೆಯದು ಹೇಳದೆಯೇ ಉಳಿಯಿತು.

೩

ಜನಪದಗೀತೆಗಳು ಹೆಂಗಸರ ಸ್ವಂತ ವಾಙ್ಮಯ. ಅಲ್ಲಿ ಈ ಕೊರತೆಯು ತೀರಿರಬೇಕೆಂದು ನಿರೀಕ್ಷಿಸುವುದು ಸಹಜ. ಅರ್ಧಭಾಗ ತೀರಿದೆ. ಹೆಣ್ಣು ಮೈನೆರೆದಾಗ ಸೋದರಮಾವನು ಹಸುರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಮುತ್ತೈದೆಯರು ಆರತಿಯೆತ್ತಿ ಸೋಬಾನೆ ಹೇಳುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ ತಿನ್ನಿಸುತ್ತಾರೆ. ಬಸುರಿಗೆ ಬಯಕೆಯ ಹಾಡುಂಟು. ಬಾಣಂತಿಗೆ ತೊಟ್ಟಿಲ ಹಾಡುಂಟು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಮೊದಲಾಗಿ ಕನ್ನಡನಾಡಿನ ಎಲ್ಲ ಸೀಮೆಗಳ ಸಂಗ್ರಹಗಳಲ್ಲಿಯೂ ಈ ವರ್ಗದ ಹಾಡುಗಳು ಸಮೃದ್ಧವಾಗಿವೆ. ಮಕ್ಕಳಿಲ್ಲದವಳ ಸಂಕಟವನ್ನು ಹೇಳುವ ಪದಗಳಂತೂ ಕಲ್ಲೆದೆಯನ್ನೂ ಕರಗಿಸತಕ್ಕವು.

ಆದರೆ ಈ ಸಮೃದ್ಧಿಯ ಎಲ್ಲೆಯನ್ನು ಗಮನಿಸಬೇಕು. ಮೊದಲನೆಯ ಮುಟ್ಟಿಗೆ ಸೋಬಾನೆ. ಎರಡನೆಯ ತಿಂಗಳಿನಿಂದ ಮೌನ. ಬಸಿರಿಗೆ ಹಾಡು, ಬಸಿರು ಇಳಿದುಹೋದರೆ ಹಾಡಿಲ್ಲ. ಹೆತ್ತವಳಿಗೆ ಹಾಡು, ಹೆತ್ತುಹೆತ್ತು ಗರ್ಭಕೋಶವು ಜಾರಿದವಳಿಗೆ ಇಲ್ಲ. ಬಂಜೆ ಎಂಬ ಮಾತು ಹೆಣ್ಣಿಗೆ ಅಂಟಿಕೊಂಡಂತೆ ಗಂಡಿಗೆ ಅಂಟಿಕೊಂಡ ಮಾತು ಹಾಡಿನಲ್ಲಿ ಕಾಣುವುದಿಲ್ಲ. ಸಂತಾನಹೀನತೆಯ ಕಾರಣವು ಗಂಡಿನಲ್ಲಿಯೂ ಇರಬಲ್ಲುದೆಂಬುದು ಇಂದು ವೈದ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು, ಮತ್ತು ಇಬ್ಬರನ್ನೂ ಪರೀಕ್ಷಿಸದೆ ಚಿಕಿತ್ಸೆಯನ್ನು ಆರಂಭಿಸಬಾರದೆಂಬುದು ಅದರ ನಿಯಮ. ಒಟ್ಟಿನಲ್ಲಿ ಕುಮಾರೋದಯವನ್ನು ವರ್ಣಿಸಿದ ಆಸ್ಥಾನಕವಿಗೂ ಬೀಸುಕಲ್ಲಿನ ಮುಂದೆ ಹಾಡಿದ ಗರತಿಗೂ ಈ ಒಂದು ವಿಷಯದಲ್ಲಿ ಭೇದವಿಲ್ಲ: ಗರ್ಭವು ಫಲಿಸುವಾಗ ಮಾತ್ರ ಅದು ಮಾತಿಗೆ ಯೋಗ್ಯ, ನೋಯುವಾಗ ಅಲ್ಲ.

ಹಾಡಿನಲ್ಲಿ ಇಲ್ಲದುದು ಮಾತಿನಲ್ಲಿ ಹೇಗಿದೆ? ಮುಟ್ಟು ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಸ್ಪರ್ಶವೆಂಬ ಅರ್ಥದ ಮಾತು ಸ್ಪರ್ಶಿಸಬಾರದ ಅವಸ್ಥೆಗೆ ಹೆಸರಾಗಿದೆ. ಅದನ್ನೂ ನೇರವಾಗಿ ಆಡುವುದಕ್ಕೆ ಸಂಕೋಚವಾಗಿ 'ಹೊರಗಾಗಿದ್ದಾಳೆ', 'ದೂರ ಕೂತಿದ್ದಾಳೆ' ಎಂದು ಹೇಳುವುದು ವಾಡಿಕೆ. ಈ ನುಡಿಗಳು ಅವಳು ಎಲ್ಲಿ ಇದ್ದಾಳೆಂಬುದನ್ನು ತಿಳಿಸುತ್ತವೆ, ಹೇಗಿದ್ದಾಳೆಂಬುದನ್ನು ತಿಳಿಸುವುದಿಲ್ಲ. ಎಷ್ಟು ದಿನ, ಎಷ್ಟು ಸ್ರಾವ, ಗಡ್ಡೆಯುಂಟೆ, ನೋವು ಯಾವಾಗ ಎಂದು ವೈದ್ಯೆಯು ಕೇಳುವ ಪ್ರಶ್ನೆಗಳಿಗೆ 'ಹೊರಗಾಗಿದ್ದೆ' ಎಂಬುದು ಉತ್ತರವಾಗದು.

ಬಿಳಿಸೆರಗು ಎಂಬ ಮಾತು ಇನ್ನೂ ಬೋಧಪ್ರದವಾದುದು. ಕನ್ನಡವು ಈ ಬಾಧೆಗೆ ಸೆರಗಿನ ಹೆಸರನ್ನಿಟ್ಟಿತು. ನೆರೆಯ ತೆಲುಗು ಬಿಳಿಬಟ್ಟೆಯೆಂಬ ಅರ್ಥದಲ್ಲಿ 'ತೆಲ್ಲಬಟ್ಟ' ಎಂದಿತು. ಪಾವಗಡದ ಹೆಣ್ಣುಮಗಳಿಗೆ ಎರಡು ನುಡಿಗಳಿದ್ದರೂ ಎರಡರಲ್ಲಿಯೂ ರೋಗದ ಬದಲು ಬಟ್ಟೆಯೇ ಹೆಸರಾಗಿದೆ. ಈ ಒಂದು ಮಾತಿನ ಕೆಳಗೆ ಎಷ್ಟು ಅವಸ್ಥೆಗಳು ಅಡಗಿವೆಯೆಂಬುದನ್ನು ನೋಡಬೇಕು. ಎರಡು ಮುಟ್ಟುಗಳ ನಡುವೆ ತೆಳುವಾಗಿ, ವಾಸನೆಯಿಲ್ಲದೆ ಕಾಣುವ ಸ್ರಾವವು ಸಹಜವಾದುದು. ಅದಕ್ಕೆ ಔಷಧವೇ ಬೇಡ. ಮೊಸರಿನಂತೆ ಗಟ್ಟಿಯಾಗಿ ತುರಿಕೆಯೊಡನೆ ಬರುವುದು ಬೂಷ್ಟಿನಿಂದಾದುದು. ದುರ್ವಾಸನೆಯುಳ್ಳದ್ದು ಬೇರೆ ಸೋಂಕು. ರಕ್ತಮಿಶ್ರಿತವಾದುದು, ಸಂಭೋಗಾನಂತರ ಕಾಣಿಸುವುದು, ಮುಟ್ಟು ನಿಂತ ಮೇಲೆ ಮತ್ತೆ ತೋರುವುದು, ಇವು ಗರ್ಭಕೋಶದ ಬಾಯಿಯ ಅರ್ಬುದದ ಶಂಕೆಗೆ ಕಾರಣವಾದ ಚಿಹ್ನೆಗಳು. ಒಂದು ದಿನವೂ ತಡಮಾಡಬಾರದು. ನಾಲ್ಕು ದಾರಿಗಳಿಗೂ ಒಂದೇ ಹೆಸರಿನ ಹಲಗೆ. 'ಉಷ್ಣ' ಎಂಬ ಇನ್ನೊಂದು ಮಾತು ಬಂದು ಎಲ್ಲವನ್ನೂ ಸಮಾಧಾನಪಡಿಸುತ್ತದೆ, ಉಷ್ಣಕ್ಕೆ ಮೆಂತ್ಯ, ಮಜ್ಜಿಗೆ, ವರ್ಷಗಳು ಕಳೆಯುತ್ತವೆ.

ಬಾಣಂತಿಸನ್ನಿ ಎಂಬುದೂ ಹೀಗೆಯೇ. ಹೆರಿಗೆಯ ನಂಜಿನಿಂದ ಬರುವ ಜ್ವರದ ಬಡಬಡಿಕೆಗೂ ಹೆರಿಗೆಯಾದ ಮೇಲೆ ತಲೆದೋರುವ ಮನೋರೋಗಕ್ಕೂ ಲೋಕದಲ್ಲಿ ಇದೇ ಹೆಸರು. ಮೊದಲನೆಯದಕ್ಕೆ ನಂಜುನಿವಾರಕವಾದ ಔಷಧ ತಕ್ಷಣವೇ ಬೇಕು. ಎರಡನೆಯದಕ್ಕೆ ಮನೋವೈದ್ಯನು ಬೇಕು. ಹೆಸರು ಒಂದಾದುದರಿಂದ ಎರಡಕ್ಕೂ ಒಮ್ಮೊಮ್ಮೆ ದೊರೆಯುವುದು ತಾಯಿತ.

ಆದುದರಿಂದ ಕನ್ನಡದಲ್ಲಿ ಶಬ್ದಗಳೇ ಇಲ್ಲವೆಂಬ ದೂರು ಸರಿಯಲ್ಲ. ಶಬ್ದಗಳುಂಟು, ವಿಂಗಡಣೆಯಿಲ್ಲ. ಈ ಕೊರತೆಯ ಫಲವು ಶಬ್ದಕೋಶದಲ್ಲಿ ಉಳಿಯದೆ ದೇಹದ ಮೇಲೆ ಬೀಳುತ್ತದೆ. ಮಾತು ವಿಂಗಡಿಸದಿದ್ದಲ್ಲಿ ಶಸ್ತ್ರವೂ ವಿಂಗಡಿಸುವುದಿಲ್ಲ. ಸ್ರಾವವಾಗಲಿ, ಸೊಂಟನೋವಾಗಲಿ, ಗಡ್ಡೆಯಾಗಲಿ, 'ಗರ್ಭಕೋಶ ತೆಗೆಸಿಬಿಡುವುದು' ಎಂಬ ಒಂದೇ ಪರಿಹಾರವು ಹಳ್ಳಿಗಳಲ್ಲಿ ಮನೆಮಾತಾಗಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎಳೆಯ ವಯಸ್ಸಿನ ಹೆಂಗಸರಿಗೆ ಅನಾವಶ್ಯಕವಾಗಿ ನಡೆದ ಇಂತಹ ಶಸ್ತ್ರಕ್ರಿಯೆಗಳು ೨೦೧೫ರ ಸುಮಾರಿನಲ್ಲಿ ಬೆಳಕಿಗೆ ಬಂದುವು. ೨೦೨೩ರ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇವುಗಳನ್ನು ತಡೆಗಟ್ಟುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಅಂಗೀಕರಿಸಬೇಕೆಂದು ಆದೇಶಿಸಿತು. ಆದೇಶವು ವೈದ್ಯರಿಗೆ. ರೋಗಿಯು 'ನನಗೆ ಇರುವ ಬೇನೆಯ ಹೆಸರೇನು, ತೆಗೆಯದೆ ಗುಣವಾಗದೆ?' ಎಂದು ಕೇಳುವ ಮಾತನ್ನು ಯಾವ ಆದೇಶವೂ ಕೊಡಲಾರದು. ಅದನ್ನು ನುಡಿಯೇ ಕೊಡಬೇಕು.

೪

ಈ ಸೀಮೆಯಲ್ಲಿ ಮಾತಿನ ಕೊರತೆಯನ್ನು ಬಹುಕಾಲ ಕೈಯೇ ತುಂಬಿತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು (೧೯೨೦–೨೦೧೮) ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಮನೆಮಾತು ತೆಲುಗು, ಅಕ್ಷರಾಭ್ಯಾಸವಿಲ್ಲ. ಅಜ್ಜಿಯಿಂದ ಸೂಲಗಿತ್ತಿತನವನ್ನು ಕಲಿತು, ೧೯೪೦ರಲ್ಲಿ ಬಂಧುವೊಬ್ಬಳ ಹೆರಿಗೆಯಿಂದ ಆರಂಭಿಸಿ, ಪ್ರತಿಫಲವಿಲ್ಲದೆ ೧೫,೦೦೦ಕ್ಕೂ ಮಿಕ್ಕ ಹೆರಿಗೆಗಳನ್ನು ಅವರು ಮಾಡಿಸಿದರು. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಬೇರುನಾರುಗಳ ಪರಿಚಯವನ್ನು ಸಂಪಾದಿಸಿದರು. ಯಂತ್ರಗಳಿಲ್ಲದೆ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆಯ ನೆಲೆಯನ್ನೂ ನಾಡಿಯನ್ನೂ ಅರಿಯುತ್ತಿದ್ದರೆಂಬುದು ಅವರ ಖ್ಯಾತಿ. ತುಮಕೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಗೌರವ ಡಾಕ್ಟರೇಟನ್ನೂ ಭಾರತ ಸರ್ಕಾರವು ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ ಕೊಟ್ಟುವು.

ನರಸಮ್ಮನವರ ವಿಷಯವಾಗಿ ಬಂದ ಪ್ರಶಸ್ತಿವಾಙ್ಮಯವನ್ನು ವಿಮರ್ಶಿಸುವಾಗ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಮೊದಲನೆಯದು, ಅವರ ವಿದ್ಯೆಯು ಪವಾಡವಲ್ಲ, ಅಭ್ಯಾಸ. ಗರ್ಭಿಣಿಯ ಹೊಟ್ಟೆಯನ್ನು ಕೈಯಿಂದ ಮುಟ್ಟಿ ಕೂಸಿನ ನೆಲೆಯನ್ನು ತಿಳಿಯುವುದು ಇಂದಿಗೂ ವೈದ್ಯವಿದ್ಯಾರ್ಥಿಗಳು ಕ್ರಮವಾಗಿ ಕಲಿಯುವ ಪರೀಕ್ಷೆಯೇ. ಪವಾಡವೆಂದು ಹೊಗಳಿದರೆ ವಿದ್ಯೆಯ ಮರ್ಯಾದೆಯು ಕುಗ್ಗುತ್ತದೆ. ಎರಡನೆಯದು ಇನ್ನೂ ಗಂಭೀರವಾದುದು. ಹದಿನೈದು ಸಾವಿರವೆಂಬುದು ಹುಟ್ಟಿದ ಕೂಸುಗಳ ಎಣಿಕೆ. ಅಷ್ಟು ತಾಯಂದಿರು ಹೆರಿಗೆಯ ಮುಂಚೆಯೂ ಆಮೇಲೆಯೂ ಆ ಅಜ್ಜಿಯ ಬಳಿ ಏನೇನು ಹೇಳಿಕೊಂಡಿರಬೇಕು! ಸೂಲಗಿತ್ತಿಯು ಹಳ್ಳಿಯಲ್ಲಿ ಹೆಣ್ಣಿನ ಗುಟ್ಟನ್ನು ನಾಚಿಕೆಯಿಲ್ಲದೆ ಕೇಳಬಲ್ಲ ಕಿವಿಯಾಗಿದ್ದಳು. ಪ್ರಶಂಸೆಯು ಕೈಯನ್ನು ಕಂಡಿತು, ಕಿವಿಯನ್ನು ಕಾಣಲಿಲ್ಲ. ಇಲ್ಲಿಯೂ ಅದೇ ಕುಮಾರೋದಯದ ದೃಷ್ಟಿ. ಹೆರಿಗೆಗಳು ಆಸ್ಪತ್ರೆಗೆ ಹೋದುದು ತಾಯಿಮಕ್ಕಳ ಪ್ರಾಣಕ್ಕೆ ದೊಡ್ಡ ಲಾಭವೇ, ಸಂದೇಹವಿಲ್ಲ. ಆದರೆ ಕೈಯ ಕೆಲಸಕ್ಕೆ ಬದಲಿ ದೊರೆತಷ್ಟು ಸುಲಭವಾಗಿ ಕಿವಿಯ ಕೆಲಸಕ್ಕೆ ದೊರೆಯಲಿಲ್ಲ. ಆಶಾ ಕಾರ್ಯಕರ್ತೆಯ ಮೇಲೆ ಆ ಭಾರವು ಇಂದು ಬಿದ್ದಿದೆ. ಆ ಸಂಭಾಷಣೆಗೆ ತಕ್ಕ ನುಡಿಯನ್ನು ಯಾವ ಪುಸ್ತಕವೂ ಅವಳ ಕೈಗಿತ್ತಿಲ್ಲ.

೫

ಆಧುನಿಕ ಕಾದಂಬರಿಯು ಈ ಮೌನವನ್ನು ಮುರಿಯುವುದಕ್ಕೆ ಹೊರಟಿತು. ತ್ರಿವೇಣಿಯವರ (೧೯೨೮–೧೯೬೩) 'ಶರಪಂಜರ'ವು ಬಾಣಂತಿಸನ್ನಿಯೆಂಬ ಅಸ್ಪಷ್ಟ ಶಬ್ದದೊಳಗಿಂದ ಮನೋರೋಗವನ್ನು ಹೊರಗೆ ತೆಗೆದು ತೋರಿಸಿತು. ಹೆರಿಗೆಯಾದ ಮೇಲೆ ಬುದ್ಧಿವಿಕಲ್ಪಕ್ಕೆ ಒಳಗಾದ ಕಾವೇರಿಯು ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ; ವೈದ್ಯನು ಗುಣವಾಯಿತೆಂದುದನ್ನು ಮನೆಯು ನಂಬುವುದಿಲ್ಲ; ಆ ಅಪನಂಬಿಕೆಯೇ ಅವಳನ್ನು ಮತ್ತೆ ಕೆಡಹುತ್ತದೆ. ನಿದಾನವೂ ಚಿಕಿತ್ಸೆಯೂ ಸರಿಯಾಗಿದ್ದರೂ ಮನೆಯವರ ಮಾತು ರೋಗವನ್ನು ಮರಳಿ ತರಬಲ್ಲುದೆಂಬ ಸತ್ಯವನ್ನು ವೈದ್ಯಗ್ರಂಥಕ್ಕಿಂತ ಈ ಕಾದಂಬರಿಯು ಚೆನ್ನಾಗಿ ತಿಳಿಸುತ್ತದೆ. ಅದರ ಕರ್ತ್ರಿಯು ಹೆರಿಗೆಯಾದ ಕೆಲವೇ ದಿನಗಳಲ್ಲಿ, ೧೯೬೩ರಲ್ಲಿ, ತೀರಿಕೊಂಡುದನ್ನು ನೆನೆದಾಗ ಈ ವಿಷಯವು ಕನ್ನಡಸಾಹಿತ್ಯಕ್ಕೆ ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ದಲ್ಲಿ (೧೯೭೬) ಮಡಿಯಲ್ಲಿಯೇ ಬಾಳನ್ನು ಸವೆಸಿದ ವಿಧವೆಯು ಅಸ್ಪೃಶ್ಯರ ಕೇರಿಯ ಹೆಣ್ಣಿನ ಕಷ್ಟದ ಹೆರಿಗೆಗೆ ಕೈನೀಡುತ್ತಾಳೆ. ಸೂತಕದ ಕಲ್ಪನೆಯನ್ನು ವಾದದಿಂದಲ್ಲ, ಕೆಲಸದಿಂದ ಬದಿಗೆ ಸರಿಸಿದ ಈ ಸನ್ನಿವೇಶವು ಶರಣರ ಮಾತಿಗೆ ಆಚರಣೆಯ ರೂಪವನ್ನು ಕೊಟ್ಟಂತಾಗಿದೆ. ಅದೇ ಕಾಲದಲ್ಲಿ ಅನುಪಮಾ ನಿರಂಜನ ಅವರು 'ಮಾಧವಿ'ಯಲ್ಲಿ ಭಾರತದ ಒಂದು ಉಪಾಖ್ಯಾನವನ್ನು ಎತ್ತಿಕೊಂಡರು. ಗಾಲವನ ಗುರುದಕ್ಷಿಣೆಯ ಕುದುರೆಗಳಿಗಾಗಿ ಯಯಾತಿಯ ಮಗಳು ಒಬ್ಬೊಬ್ಬ ಅರಸನಿಗೂ ಒಂದೊಂದು ಗಂಡುಮಗುವನ್ನು ಹೆತ್ತುಕೊಡಬೇಕಾಯಿತು. ಗರ್ಭವೇ ಹಣವಾದ ಈ ಕಥೆಯನ್ನು ವೈದ್ಯೆಯೊಬ್ಬಳು ಆರಿಸಿಕೊಂಡುದು ಆಕಸ್ಮಿಕವಲ್ಲ. ಕುಮಾರೋದಯದ ವರ್ಣನೆಯನ್ನು ಹೆತ್ತವಳ ಕಡೆಯಿಂದ ತಿರುಗಿ ಓದಿದರೆ ಏನು ಕಾಣುತ್ತದೆಂಬುದಕ್ಕೆ 'ಮಾಧವಿ'ಯೇ ಉತ್ತರ.

೬

ಅನುಪಮಾ ನಿರಂಜನ (೧೯೩೪–೧೯೯೧) ಅವರ ಹೆಚ್ಚಿನ ಸಾಧನೆಯು ಕಾದಂಬರಿಗಳಲ್ಲಿ ಅಲ್ಲ, ವೈದ್ಯಗ್ರಂಥಗಳಲ್ಲಿ ಇದೆಯೆಂದು ಹೇಳಿದರೆ ತಪ್ಪಾಗಲಾರದು. 'ತಾಯಿ–ಮಗು', 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಮುಂತಾದುವನ್ನು ಉಪಯುಕ್ತ ಪುಸ್ತಕಗಳೆಂದು ಪಕ್ಕಕ್ಕಿಟ್ಟು, ಕಥೆ ಕಾದಂಬರಿಗಳನ್ನು ಮಾತ್ರ ಸಾಹಿತ್ಯವೆಂದು ಎಣಿಸುವುದು ವಿಮರ್ಶಕರ ರೂಢಿ. ಈ ರೂಢಿಯು ಸಾಧುವಲ್ಲ. ಲೋಕೋಪಕಾರವನ್ನೂ ಖಗೇಂದ್ರಮಣಿದರ್ಪಣವನ್ನೂ ಸಾಹಿತ್ಯಚರಿತ್ರೆಯಲ್ಲಿ ಸೇರಿಸಿಕೊಂಡವರು 'ಸ್ತ್ರೀ ಸ್ವಾಸ್ಥ್ಯ ಸಂಹಿತೆ'ಯನ್ನು ಹೊರಗಿಡುವುದಕ್ಕೆ ಕಾರಣವಿಲ್ಲ.

ಈ ಗ್ರಂಥಗಳ ಹೆಸರುಗಳೇ ವಿಚಾರಕ್ಕೆ ಯೋಗ್ಯವಾಗಿವೆ. 'ಸಂಹಿತೆ'ಯೆಂಬುದು ಚರಕಸುಶ್ರುತರ ಪದವಿ. ಪಂಡಿತನ ಓಲೆಯಲ್ಲಿ ಉಳಿದಿದ್ದ ವಿಂಗಡಣೆಯ ವಿದ್ಯೆಯನ್ನು ಕನ್ನಡದ ಗೃಹಿಣಿಗೆ ಸಲ್ಲಿಸುವ ಸಂಕಲ್ಪವು ಆ ಹೆಸರಿನಲ್ಲಿದೆ. 'ದೀಪಿಕೆ'ಯೆಂಬುದು ವ್ಯಾಖ್ಯಾನಗ್ರಂಥಗಳ ಹೆಸರು. ಕತ್ತಲೆಯಲ್ಲಿ ನಡೆಯುವುದೆಂದು ಭಾವಿಸಲ್ಪಟ್ಟ ದಾಂಪತ್ಯಕ್ಕೆ ಅದನ್ನು ಹಚ್ಚಿದುದು ಧೈರ್ಯದ ಕೆಲಸ. 'ಕೇಳು ಕಿಶೋರಿ'ಯಲ್ಲಿ 'ಕೇಳು' ಎಂಬ ಏಕವಚನವು ಮುಖ್ಯವಾದುದು. ಪಾಠಪುಸ್ತಕದ 'ತಿಳಿಯಿರಿ' ಅಲ್ಲ, ಸರ್ಕಾರದ ಪ್ರಕಟಣೆಯ 'ಸಂಪರ್ಕಿಸಿ' ಅಲ್ಲ. ಅಕ್ಕನೋ ಚಿಕ್ಕಮ್ಮನೋ ಹತ್ತಿರ ಕೂರಿಸಿಕೊಂಡು ಆಡುವ ಮಾತು. ಮೊದಲನೆಯ ಮುಟ್ಟಿನ ಸೋಬಾನೆಯು ಮುಗಿದ ಮೇಲೆ ಆರಂಭವಾಗುತ್ತಿದ್ದ ಮೌನದ ಸ್ಥಾನದಲ್ಲಿಯೇ ಈ ಪುಸ್ತಕವು ಮಾತನ್ನು ಆರಂಭಿಸುತ್ತದೆ. ತಮಗೇ ಅರ್ಬುದರೋಗವು ಬಂದಾಗ ಅದನ್ನು ಮುಚ್ಚಿಡದೆ, ಆ ವಿಷಯವಾಗಿ 'ಕ್ಯಾನ್ಸರ್ ಜಗತ್ತು' ಎಂಬ ಗ್ರಂಥವನ್ನೂ ಬರೆದುದು ಅದೇ ಧೋರಣೆಯ ಮುಂದುವರಿಕೆ.

ಗುಣವನ್ನು ಹೇಳಿದಂತೆ ಮಿತಿಯನ್ನೂ ಹೇಳಬೇಕು. ಈ ಗ್ರಂಥಗಳು ಓದಬಲ್ಲ, ಪುಸ್ತಕವನ್ನು ಒಬ್ಬಳೇ ಕುಳಿತು ಓದುವುದಕ್ಕೆ ಎಡೆಯುಳ್ಳ ಹೆಣ್ಣನ್ನು ಮುಂದಿಟ್ಟುಕೊಂಡು ಹೊರಟವು. ಕೂಲಿಯಿಂದ ಬಂದು ಒಲೆ ಹಚ್ಚುವ ಪಾವಗಡದ ಹೆಂಗಸಿಗೆ ಅವು ಯಾರಾದರೂ ಓದಿಹೇಳಿದ ಹೊರತು ತಲಪವು. ಎರಡನೆಯದಾಗಿ, ಕರ್ತ್ರಿಯು ೧೯೯೧ರಲ್ಲಿ ತೀರಿಕೊಂಡ ಮೇಲೆ ಶಾಸ್ತ್ರವು ಬಹಳ ಮುಂದೆ ಸಾಗಿದೆ. ಗರ್ಭಕೋಶದ ಬಾಯಿಯ ಅರ್ಬುದಕ್ಕೆ ಒಂದು ಜಾತಿಯ ವೈರಸ್ಸು ಕಾರಣವೆಂಬುದು ದೃಢವಾಗಿ, ಅದಕ್ಕೆ ಲಸಿಕೆಯೂ ವೈರಸ್ಸನ್ನು ಪತ್ತೆಮಾಡುವ ಪರೀಕ್ಷೆಯೂ ಬಂದಿವೆ. ದುರ್ಬಲವಾದ ಅಸಿಟಿಕ್ ಆಮ್ಲವನ್ನು ಸವರಿ, ಸ್ವಲ್ಪ ಹೊತ್ತು ಕಾದು, ಬೆಳ್ಳಗಾದ ಮಚ್ಚೆಯನ್ನು ಕಣ್ಣಿಂದಲೇ ನೋಡಿ ತಿಳಿಯುವ ಸುಲಭಪರೀಕ್ಷೆಯನ್ನು ೩೦ರಿಂದ ೬೫ ವಯಸ್ಸಿನ ಸ್ತ್ರೀಯರಿಗೆ ಐದು ವರ್ಷಗಳಿಗೊಮ್ಮೆ ಮಾಡಬೇಕೆಂದು ೨೦೧೬ರಲ್ಲಿ ಭಾರತ ಸರ್ಕಾರವು ಸೂಚಿಸಿತು. ವೈರಸ್ಸು ತಗುಲಿದಂದಿನಿಂದ ಅರ್ಬುದವಾಗುವುದಕ್ಕೆ ಸಾಮಾನ್ಯವಾಗಿ ೧೫–೨೦ ವರ್ಷಗಳು ಹಿಡಿಯುತ್ತವೆ. ಇಷ್ಟು ದೀರ್ಘಕಾಲ ಕಾಯುವ ರೋಗವು ಕೊನೆಗೆ ಕೊಲ್ಲುವುದಾದರೆ, ಆ ಮರಣದಲ್ಲಿ ಔಷಧದ ಕೊರತೆಗಿಂತ ಮಾತಿನ ಕೊರತೆಯ ಪಾಲೇ ಹೆಚ್ಚು. ಗರ್ಭಕೋಶದ ಒಳಪೊರೆಯಂತಹ ಅಂಗಾಂಶವು ಹೊರಗೆ ಬೆಳೆದು ಮುಟ್ಟಿನಲ್ಲಿ ತೀವ್ರವಾದ ನೋವನ್ನುಂಟುಮಾಡುವ ಎಂಡೊಮೆಟ್ರಿಯೋಸಿಸ್ ಲೋಕದಲ್ಲಿ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜುಮಾಡಿದೆ. ಅದಕ್ಕೆ ಇನ್ನೂ ನೆಲೆಯಾದ ಕನ್ನಡದ ಹೆಸರಿಲ್ಲ. 'ಮುಟ್ಟಿನಲ್ಲಿ ನೋವು ಎಲ್ಲರಿಗೂ ಇದ್ದದ್ದೇ' ಎಂಬ ಗಾದೆಯಂತಹ ಮಾತೊಂದೇ ಅದರ ನಿದಾನ.

೭

ಇಂದಿನ ಮುದ್ರಿತ ಸಾಮಗ್ರಿಯಲ್ಲಿ ಹೆಚ್ಚಿನದು ಸರ್ಕಾರದ ಕರಪತ್ರ. ಅದರ ಕನ್ನಡವು ಬಹುಮಟ್ಟಿಗೆ ಭಾಷಾಂತರದ ಕನ್ನಡ. 'ಗರ್ಭಕಂಠ'ವೆಂಬ ಮಾತು ಶಾಸ್ತ್ರಕ್ಕೆ ಸರಿ. ಆದರೆ ಕಂಠವೆಂದರೆ ಕೊರಳೆಂದು ತಿಳಿದವಳಿಗೆ ಆ ಬೇನೆ ಎಲ್ಲಿಯದೆಂಬುದು ಹೊಳೆಯದು. 'ಗರ್ಭಕೋಶದ ಬಾಯಿ' ಎಂದರೆ ಅಕ್ಷರಬಾರದವಳಿಗೂ ತಿಳಿಯುತ್ತದೆ. ಬಸುರಿಯ ಕೈಗೆ ಕೊಡುವ ದಾಖಲೆಯ ಹೆಸರು 'ತಾಯಿ ಕಾರ್ಡು'. ಉಪಯುಕ್ತವಾದುದೇ, ಆದರೆ ತಾಯಿಯಾಗದವಳಿಗೂ ತಾಯಿತನವನ್ನು ದಾಟಿದವಳಿಗೂ ಅಂತಹ ಕಾರ್ಡಿಲ್ಲ. ಕಾವ್ಯದ ಕುಮಾರೋದಯವು ಕಚೇರಿಯಲ್ಲಿಯೂ ಮುಂದುವರಿದಿದೆಯೆನ್ನಬೇಕು.

ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರೂ ಬಾಣಂತಿಯರೂ ಹಟ್ಟಿಯ ಹೊರಗೆ ಇರಬೇಕೆಂಬ ಕಟ್ಟಳೆಯುಂಟು. ಅವರ ಆಶ್ರಯಕ್ಕಾಗಿ ಸರ್ಕಾರವು ಕಟ್ಟಿಸಿದ ಕಟ್ಟಡಗಳಿಗೆ 'ಕೃಷ್ಣ ಕುಟೀರ'ವೆಂದು ಹೆಸರಿಡಲಾಯಿತು. ಬಿಸಿಲುಮಳೆಗಳಿಂದ ರಕ್ಷಣೆಯೇನೋ ದೊರೆಯಿತು. ಆದರೆ ಹಳೆಯ ಬಹಿಷ್ಕಾರಕ್ಕೆ ದೇವರ ಹೆಸರು ಬಂದು ಅದು ಇನ್ನಷ್ಟು ಭದ್ರವಾಗುವ ಅಪಾಯವೂ ಉಂಟಾಯಿತು. ವೈದ್ಯದ ದೃಷ್ಟಿಯಿಂದ ಈ ಕಟ್ಟಳೆಯ ದೋಷವು ಚಳಿಗಾಳಿಗಳಿಗೆ ಮುಗಿಯುವುದಿಲ್ಲ. ಏಳು ದಿನಗಳನ್ನು ಮೀರಿದ ಸ್ರಾವವು ಪರೀಕ್ಷೆಗೆ ಕಾರಣವಾಗಬೇಕು. ಹೊರಗಿರುವವಳಿಗೆ ಅದು ಇನ್ನೆರಡು ದಿನದ ಸೂತಕವಾಗಿ ಎಣಿಸಲ್ಪಡುತ್ತದೆ. ರೋಗದ ಲೆಕ್ಕವನ್ನು ಮೈಲಿಗೆಯ ಲೆಕ್ಕವು ನುಂಗುತ್ತದೆ. ೨೦೧೭ರ ಕರ್ನಾಟಕದ ಅಮಾನವೀಯ ದುಷ್ಟಪದ್ಧತಿಗಳ ನಿಷೇಧಶಾಸನವು ಇಂತಹ ಬಲಾತ್ಕಾರದ ಪ್ರತ್ಯೇಕವಾಸವನ್ನು ಅಪರಾಧವೆಂದು ಸಾರಿತು. ಆದರೂ ೨೦೨೩ರ ಜುಲೈ ತಿಂಗಳಲ್ಲಿ, ಈ ನಾಲ್ಕು ತಾಲ್ಲೂಕುಗಳಿಗೆ ನೆರೆಯಾದ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯೊಬ್ಬಳ ಹಸುಗೂಸು ತೀರಿಕೊಂಡಿತು. ಶಾಸನದ ಭಾಷೆಯು ಹಟ್ಟಿಯ ಭಾಷೆಯಾಗುವವರೆಗೆ ಶಾಸನವು ಕಾಗದವೇ.

೮

ಮೇಲಿನ ಪರಿಶೀಲನೆಯಿಂದ ತಿಳಿಯುವುದಿಷ್ಟು. ಕನ್ನಡ ವಾಙ್ಮಯವು ಗರ್ಭದ ಫಲವನ್ನು ಹಾಡಿದಷ್ಟು ಗರ್ಭದ ಬೇನೆಯನ್ನು ಹೇಳಲಿಲ್ಲ; ಹೇಳಿದಲ್ಲಿಯೂ ವಿಂಗಡಿಸಿ ಹೇಳಲಿಲ್ಲ. ಈ ಕೊರತೆಯನ್ನು ತುಂಬುವ ಕಾರ್ಯದಲ್ಲಿ ಸಾಹಿತ್ಯಪಂಡಿತರಿಗೂ ಉಪಾಧ್ಯಾಯರಿಗೂ ಸ್ಪಷ್ಟವಾದ ಪಾಲಿದೆ. ಮೊದಲನೆಯದಾಗಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಹೆಂಗಸರು ತಮ್ಮ ಬಾಧೆಗಳಿಗೆ ಬಳಸುವ ಕನ್ನಡ, ತೆಲುಗು, ಉರ್ದು ಶಬ್ದಗಳನ್ನೂ ಹಟ್ಟಿಯ ನುಡಿಗಟ್ಟುಗಳನ್ನೂ ಊರೂರಿಂದ ಸಂಗ್ರಹಿಸಿ, ಒಂದೊಂದರ ಕೆಳಗೆ ಯಾವ ಯಾವ ಲಕ್ಷಣಗಳು ಸೇರಿವೆಯೆಂಬುದನ್ನು ಸ್ತ್ರೀವೈದ್ಯರೊಡನೆ ಕುಳಿತು ಗುರುತಿಸಬೇಕು. ವ್ಯವಸಾಯದ ಶಬ್ದಗಳನ್ನೂ ನೇಕಾರಿಕೆಯ ಶಬ್ದಗಳನ್ನೂ ಕೂಡಿಸಿದ ಜಾನಪದ ವಿದ್ವತ್ತಿಗೆ ಇದು ಅಸಾಧ್ಯವಲ್ಲ. ಹೊಸ ಶಬ್ದಗಳನ್ನು ಸೃಷ್ಟಿಸುವುದಕ್ಕಿಂತ ಇರುವ ಶಬ್ದಗಳಿಗೆ ವಿಶೇಷಣಗಳನ್ನು ಸೇರಿಸುವುದು ಮೇಲು: ತುರಿಯುವ ಬಿಳಿಸೆರಗು, ನಾರುವ ಬಿಳಿಸೆರಗು, ರಕ್ತ ಬೆರೆತ ಬಿಳಿಸೆರಗು ಎಂದರೆ ಹೇಳುವವಳಿಗೆ ಭಾರವಲ್ಲ, ಕೇಳುವ ವೈದ್ಯೆಗೆ ಅರ್ಧ ನಿದಾನವಾದಂತೆಯೇ.

ಎರಡನೆಯದಾಗಿ, ಅನುಪಮಾ ನಿರಂಜನ ಅವರ ವೈದ್ಯಗ್ರಂಥಗಳನ್ನು ಇಂದಿನ ಶಾಸ್ತ್ರಕ್ಕನುಸಾರವಾದ ಟಿಪ್ಪಣಿಗಳೊಡನೆ ಪರಿಷ್ಕರಿಸಬೇಕು. ಗಟ್ಟಿಯಾಗಿ ಓದುವುದಕ್ಕೆ ತಕ್ಕ ಸಂಕ್ಷೇಪಗಳನ್ನೂ ಸಿದ್ಧಪಡಿಸಬೇಕು. ಮೂರನೆಯದು ತರಗತಿಯ ಕೆಲಸ. ಪ್ರೌಢಶಾಲೆಯ ಕನ್ನಡ ಉಪಾಧ್ಯಾಯರು ಬಯಕೆಯ ಹಾಡನ್ನೋ 'ಫಣಿಯಮ್ಮ'ದ ಭಾಗವನ್ನೋ ಪಾಠಹೇಳುವಾಗ, ಅದು ಏನನ್ನು ಹೇಳುತ್ತದೆಂಬುದರೊಡನೆ ಏನನ್ನು ಹೇಳದೆ ಬಿಟ್ಟಿದೆಯೆಂಬುದನ್ನೂ ಹುಡುಗಿಯರಿಗೂ ಹುಡುಗರಿಗೂ ಸಮವಾಗಿ ತೋರಿಸಬಹುದು. ಜೀವಶಾಸ್ತ್ರದ ಪಾಠದಲ್ಲಿ ಪುಟ ಮಗುಚಿಹಾಕಲ್ಪಡುವ ವಿಷಯವು ಭಾಷೆಯ ಪಾಠದಲ್ಲಿ ಗೌರವದಿಂದ ಬರಬಲ್ಲುದು.

ಬೇನೆ ಎಂಬ ಕನ್ನಡದ ಮಾತಿಗೆ ರೋಗವೆಂದೂ ಅರ್ಥ, ಹೆರಿಗೆಯ ನೋವೆಂದೂ ಅರ್ಥ. ಎರಡನೆಯ ಅರ್ಥಕ್ಕೆ ಸೂಲಗಿತ್ತಿಯೂ ಹಾಡೂ ಆಸ್ಪತ್ರೆಯೂ ಒದಗಿದುವು. ಮೊದಲನೆಯ ಅರ್ಥವು ಇನ್ನೂ ತಕ್ಕ ವಾಙ್ಮಯವನ್ನು ನಿರೀಕ್ಷಿಸುತ್ತಿದೆ. ಅದನ್ನು ಒದಗಿಸುವ ಗ್ರಂಥವನ್ನು ಅಳೆಯುವಾಗ ವಿಮರ್ಶೆಯು ಶೈಲಿಯ ಸೊಬಗಿನ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಇದನ್ನು ಕೇಳಿದ ಪಾವಗಡದ ಹೆಣ್ಣುಮಗಳು ನಾಳೆ ವೈದ್ಯೆಯ ಮುಂದೆ ತನ್ನ ಬೇನೆಯನ್ನು ಒಂದು ಪೂರ್ಣವಾಕ್ಯದಲ್ಲಿ ಹೇಳಬಲ್ಲಳೆ?